ಬರ್ತೀನಿ ಅಂದವರಿಗೆಲ್ಲ ಕುರ್ಚಿ

ಒಂದು ಕಾಲದಲ್ಲಿ ನಮ್ಮ ಬೀದಿಯಲ್ಲಿ ಜಾಹೀರಾತು ಎಂದರೆ ನಾನೇ. ಯಾರಾದರೂ ಅಂಗಡಿ ತೆರೆದರೆ, ಮುಚ್ಚಿದರೆ, ಮುಚ್ಚಿದ್ದನ್ನು ಮತ್ತೆ ತೆರೆದರೆ, ನನ್ನ ಮುದ್ರಣಾಲಯಕ್ಕೆ ಬಂದು ಕರಪತ್ರ ಹಾಕಿಸಬೇಕಿತ್ತು. ಗುಲಾಬಿ ಬಣ್ಣದ ಕಾಗದ, ಸಾಲಿಗೆ ಮೂರು ಆಶ್ಚರ್ಯಸೂಚಕ ಚಿಹ್ನೆ, ಕೆಳಗೆ 'ಒಮ್ಮೆ ಭೇಟಿ ಕೊಡಿ'. ಜನ ಅದನ್ನು ಕೈಯಲ್ಲಿ ಹಿಡಿದು ಮನೆಗೆ ಒಯ್ದು, ಓದದೆ ಮಡಚಿ, ಅಲ್ಲಾಡುವ ಮೇಜಿನ ಕಾಲ ಕೆಳಗೆ ಇಡುತ್ತಿದ್ದರು. ಎಷ್ಟೊಂದು ಉಪಯೋಗ! ಈಗಿನ ಇಂಟರ್ನೆಟ್ ಜಾಹೀರಾತನ್ನು ಯಾವ ಮೇಜಿನ ಕೆಳಗೆ ಇಡುತ್ತೀರಿ, ನೀವೇ ಹೇಳಿ.

ನನಗೆ ಇಂಟರ್ನೆಟ್ಟಿನ ಮೇಲೆ ಹೊಟ್ಟೆಯುರಿ ಇಲ್ಲ. ಇದ್ದರೂ ಸ್ವಲ್ಪವೇ. ಮುಂದೆ ಹೇಳುವುದನ್ನೆಲ್ಲ ಅಷ್ಟು ರಿಯಾಯಿತಿ ಕಳೆದೇ ಓದಿಕೊಳ್ಳಿ.

ನನ್ನ ಪಕ್ಕದ ಮಳಿಗೆಯಲ್ಲಿ ಬಾಡಿಗೆ ಕುರ್ಚಿಗಳ ಅಂಗಡಿ. ಅದನ್ನು ನಡೆಸುವವನಿಗೆ ಒಂದು ಹೆಸರು ಇದ್ದೇ ಇದೆ, ಆದರೆ ಅದು ಅವನ ಹೆಂಡತಿಗೂ ತಕ್ಷಣ ನೆನಪಾಗುವುದಿಲ್ಲ. ಯಾರು ಏನು ಕೇಳಿದರೂ 'ಆಯ್ತಪ್ಪಾ, ಆಯ್ತು' ಅನ್ನುವವನನ್ನು ಬೀದಿಯೆಲ್ಲ ಆಯ್ತಪ್ಪ ಎಂದೇ ಕರೆಯುತ್ತದೆ. ಒಮ್ಮೆ ಗಿರಾಕಿಯೊಬ್ಬರು "ನಿಮಗೆ ಬುದ್ಧಿ ಇಲ್ವೇನ್ರೀ?" ಎಂದು ರೇಗಿದಾಗಲೂ ಅದೇ ಉತ್ತರ ಬಂದಿತ್ತು.

ಅಂಗಡಿ ಅವನ ಮಾವನವರದು. ಮಾವನವರು ಊರಿನ ಎರಡು ತುದಿಗಳಲ್ಲಿ ಎರಡು ಕುರ್ಚಿ ಅಂಗಡಿ ಕಟ್ಟಿ, ಒಂದನ್ನು ದೊಡ್ಡ ಅಳಿಯನ ಕೈಗೂ ಇನ್ನೊಂದನ್ನು ಆಯ್ತಪ್ಪನ ಕೈಗೂ ಕೊಟ್ಟಿದ್ದರು. ಕೊಡುವಾಗ ಇಬ್ಬರಿಗೂ ಒಂದೇ ನಿಯಮ ಹೇಳಿಕೊಟ್ಟಿದ್ದರು: 'ಬರ್ತೀನಿ ಅಂದವನಿಗೆ ಒಂದು ಕುರ್ಚಿ ಇರಲೇಬೇಕು. ಅವನು ಬರದಿದ್ರೆ ತಪ್ಪು ಅವನದು. ಬಂದು ನಿಂತ್ರೆ ತಪ್ಪು ನಮ್ಮದು.' ದೊಡ್ಡ ಅಳಿಯ ಇದನ್ನು ಕೇಳಿಸಿಕೊಂಡು ಮರೆತ. ಆಯ್ತಪ್ಪ ಮರೆಯಲಿಲ್ಲ. ಅವನು ಕುರ್ಚಿ ಹಾಕಿಸಿದ ಯಾವ ಸಭೆಯಲ್ಲೂ ಒಬ್ಬರೂ ನಿಂತ ದಾಖಲೆ ಇಲ್ಲ. ತೊಂದರೆ ಏನೆಂದರೆ, ಇತ್ತೀಚೆಗೆ ಅವನಿಂದ ಕುರ್ಚಿ ಹಾಕಿಸುವವರೇ ಇರಲಿಲ್ಲ.

ಮಾವನವರು ವಾರಕ್ಕೊಮ್ಮೆ ಬಂದು, ಅಂಗಡಿಯ ಮುಂದೆ ಒಂದು ಕುರ್ಚಿ ಬಿಡಿಸಿ ಕೂತು ವ್ಯಾಪಾರ ನೋಡುತ್ತಾರೆ. ನೋಡಲು ವ್ಯಾಪಾರ ಇಲ್ಲದಿದ್ದರೆ ಅಳಿಯನನ್ನು ನೋಡುತ್ತಾರೆ. ಒಂದು ದಿನ ಅಳಿಯನನ್ನೇ ಬಹಳ ಹೊತ್ತು ನೋಡಿದರು.

"ದೊಡ್ಡಳಿಯಂದಿರ ಅಂಗಡೀಲಿ ಫೋನು ಸುಮ್ನಿರೋದೇ ಇಲ್ಲ," ಎಂದರು.

"ಅವರ ಹತ್ರ ವೆಬ್‌ಸೈಟ್ ಇದೆ ಮಾವ."

"ನಿಮ್ಮ ಹತ್ರ ಏನಿದೆ?"

ಆಯ್ತಪ್ಪ ತಿರುಗಿ ಗೋದಾಮಿನತ್ತ ನೋಡಿದ. "ಕುರ್ಚಿ ಇದೆ ಮಾವ."

ಮಾವನವರು ಎದ್ದರು. "ಮುಂದಿನ ತಿಂಗಳ ಮೊದಲನೇ ಭಾನುವಾರ ಬರ್ತೀನಿ. ಈ ಅಂಗಡಿ ಮುಂದೆ ಜನ ಕಾಣಬೇಕು. ಕಾಣದಿದ್ರೆ ಕುರ್ಚಿಗಳೆಲ್ಲ ದೊಡ್ಡಳಿಯಂದಿರ ಗೋದಾಮಿಗೆ ಹೋಗುತ್ವೆ. ನೀವೂ ಅದೇ ಲಾರೀಲಿ ಹೋಗಿ, ಅವರ ಕೈಕೆಳಗೆ ಕೆಲಸ ಮಾಡಿ."

"ಆಯ್ತಪ್ಪಾ, ಆಯ್ತು," ಎಂದ ಆಯ್ತಪ್ಪ. ಅಭ್ಯಾಸಬಲ.

ಷಡ್ಡಕನ ಕೈಕೆಳಗೆ ಕೆಲಸ! ಓದುಗರಲ್ಲಿ ಷಡ್ಡಕ ಇರುವವರಿಗೆ ನಾನು ವಿವರಿಸಬೇಕಾಗಿಲ್ಲ. ಅಣ್ಣನ ಕೈಕೆಳಗೆ ದುಡಿಯಬಹುದು, ಶತ್ರುವಿನ ಕೈಕೆಳಗೂ ದುಡಿಯಬಹುದು. ಆದರೆ ಬೆಳಿಗ್ಗೆ 'ಆ ಕುಶನ್ ಎತ್ತಿಡ್ರೀ' ಎಂದವನ ಎದುರಿಗೆ ರಾತ್ರಿ ಮಾವನ ಮನೆಯಲ್ಲಿ ಕೂತು ಊಟ ಮಾಡುವುದು ಯಾವ ಗಂಡಸಿಗೂ ಬರಬಾರದ ಕಷ್ಟ. ಹೆಂಡತಿಯ ಕಷ್ಟ ಇನ್ನೂ ದೊಡ್ಡದು. "ಅಕ್ಕ ಈಗಲೇ ನನ್ನ ಹತ್ರ ಮಾತಾಡುವಾಗ ಒಂದು ಮೆಟ್ಟಿಲು ಮೇಲೆ ನಿಂತು ಮಾತಾಡ್ತಾಳೆ," ಎಂದು ಆಕೆ ಗೋಡೆಗೆ ಕೇಳಿಸುವಂತೆ ಹೇಳಿದಳು. ಗೋಡೆಯ ಈಚೆ ನಾನಿದ್ದೆ.

ಮಾರನೆಯ ದಿನ ನಾದಿನಿ ಬಂದಳು. ಆಯ್ತಪ್ಪನ ಹೆಂಡತಿಗೆ ತಂಗಿ, ವೆಬ್ ವಿನ್ಯಾಸ ಕಲಿತವಳು. ಬಂದವಳೇ ಅಂಗಡಿಯನ್ನು ಮೇಲಿಂದ ಕೆಳಗೆ ನೋಡಿ, "ಭಾವ, ಆನ್‌ಲೈನ್‌ನಲ್ಲಿ ನೀವು ಇಲ್ಲವೇ ಇಲ್ಲ," ಎಂದಳು.

"ಇಲ್ಲೇ ಇದ್ದೀನಲ್ಲಮ್ಮ."

"ಹುಡುಕಿದರೆ ಸಿಗಬೇಕು ಭಾವ."

"ಯಾರು ಹುಡುಕಿದರೂ ಸಿಗ್ತೀನಿ. ಊಟಕ್ಕೆ ಹೋದಾಗ ಮಾತ್ರ ಪ್ರೆಸ್ಸಿನವರ ಹತ್ರ ಹೇಳಿ ಹೋಗ್ತೀನಿ."

ಅವಳು ಎರಡು ದಿನ ಕೂತು ವೆಬ್‌ಸೈಟ್ ಮಾಡಿದಳು. ನನ್ನನ್ನೂ ಕರೆದು ತೋರಿಸಿದರು. ಪರದೆಯ ತುಂಬ ಬಿಳಿ. ನಡುವೆ ಒಂದೇ ಒಂದು ಕುರ್ಚಿ. ಮೂವತ್ತು ವರ್ಷ ಕಾಗದದ ನಾಲ್ಕು ಅಂಚಿಗೂ ಅಕ್ಷರ ಮುಟ್ಟಿಸಿದ ನನಗೆ ಅದನ್ನು ನೋಡಿ ಎದೆ ಧಸಕ್ಕೆಂದಿತು. ಆಯ್ತಪ್ಪ ತನ್ನ ಕಸುಬಿನ ಕಣ್ಣಿನಿಂದ ನೋಡಿ, "ಆಕಡೆ ಈಕಡೆ ಇನ್ನೂ ಆರಾರು ಸಾಲು ಹಾಕಬಹುದಲ್ಲಮ್ಮ," ಎಂದ.

"ಖಾಲಿ ಜಾಗ ಈಗಿನ ಫ್ಯಾಷನ್ ಭಾವ."

"ಖಾಲಿ ಜಾಗ ಅಂಗಡೀಲೂ ಬೇಕಾದಷ್ಟಿದೆ. ಅದಕ್ಕೇ ಮಾವ ಕೋಪ ಮಾಡ್ಕೊಂಡಿರೋದು."

"ಮತ್ತೆ ನೀವು ಬ್ಲಾಗ್ ಬರೀಬೇಕು. ಈಗ ಯಾರೂ ಕುರ್ಚಿ ಮಾರಲ್ಲ ಭಾವ, ಕಥೆ ಮಾರ್ತಾರೆ."

"ಕುರ್ಚಿ ನಾವೂ ಮಾರಲ್ಲಮ್ಮ, ಬಾಡಿಗೆಗೆ ಕೊಡ್ತೀವಿ."

"ಹಾಗಾದ್ರೆ ಕಥೇನೂ ಬಾಡಿಗೆಗೆ ಕೊಡಿ!"

ಆಯ್ತಪ್ಪ ನನ್ನ ಮುದ್ರಣಾಲಯದ ಮೂಲೆಯಲ್ಲಿ ಕೂತು, ಪೆನ್ನು ಕಚ್ಚಿ, ಒಂದು ಮಧ್ಯಾಹ್ನವೆಲ್ಲ ಬರೆದ. ಶೀರ್ಷಿಕೆ, 'ಅಲ್ಲಾಡುವ ಕುರ್ಚಿ ಯಾರಿಗೆ?' ಅದರ ಸಾರಾಂಶ ಇಷ್ಟು: ಪ್ರತಿ ಮದುವೆಗೂ ಒಂದು ಅಲ್ಲಾಡುವ ಕುರ್ಚಿ ಇರಲೇಬೇಕು. ಊಟದಲ್ಲಿ ಏನು ಕೊರತೆ ಎಂದು ಹುಡುಕಲೆಂದೇ ಬರುವ ನೆಂಟನೊಬ್ಬ ಎಲ್ಲ ಮನೆಯಲ್ಲೂ ಇರುತ್ತಾನೆ. ಅವನನ್ನು ಅದರಲ್ಲಿ ಕೂರಿಸಿ. ಅವನ ಗಮನವೆಲ್ಲ ಕುರ್ಚಿಯ ಕಾಲಿನ ಮೇಲಿರುತ್ತದೆ, ಊಟದ ಬಗ್ಗೆ ಚಕಾರ ಎತ್ತುವುದಿಲ್ಲ.

ನನಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಒಂದೂ ಆಶ್ಚರ್ಯಸೂಚಕ ಇರಲಿಲ್ಲ. ಆದರೆ ನಾದಿನಿ ಅದನ್ನು ಹಾಕಿದ ಸಂಜೆಯಿಂದಲೇ ಗದ್ದಲ ಶುರುವಾಯಿತು. ಜನ ಒಬ್ಬರಿಂದೊಬ್ಬರಿಗೆ ಕಳಿಸಿದರು. ಸೊಸೆಯರು ಅತ್ತೆಯ ತಮ್ಮಂದಿರಿಗೆ ಕಳಿಸಿದರು. 'ನಮ್ಮ ಚಿಕ್ಕಪ್ಪನಿಗೆ ಇಂಥವು ಎರಡು ಬೇಕು' ಎಂದು ಒಬ್ಬರು, 'ನಾನೇ ಆ ನೆಂಟ, ನನಗೆ ಬಹಳ ನೋವಾಗಿದೆ' ಎಂದು ಇನ್ನೊಬ್ಬರು. ಕಂಡು ಕೇಳದ ದೇಶದಿಂದಲೂ ಯಾರೋ ಹೃದಯದ ಚಿತ್ರ ಕಳಿಸಿದರು. ನಮ್ಮ ಬೀದಿಯ ಹಾಲಿನ ಅಂಗಡಿಯಾಕೆ ಮೊದಲ ಬಾರಿಗೆ ಆಯ್ತಪ್ಪನನ್ನು 'ಸಾರ್' ಎಂದು ಕರೆದಳು. ಅವನು ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ.

"ಕಬ್ಬಿಣ ಕಾದಿರುವಾಗಲೇ ಬಡೀಬೇಕು ಭಾವ," ಎಂದಳು ನಾದಿನಿ. "ಅಪ್ಪ ಬರೋ ಭಾನುವಾರಕ್ಕೇ ಒಂದು ಕಾರ್ಯಕ್ರಮ ಇಡೋಣ. 'ಬನ್ನಿ, ಸುಮ್ಮನೆ ಕೂತು ಹೋಗಿ.' ಭಾಷಣ ಇಲ್ಲ, ಉಡುಗೊರೆ ತರೋ ಹಾಗಿಲ್ಲ, ಯಾರ ಜೊತೆಗೂ ಮಾತಾಡ್ಬೇಕಾಗಿಲ್ಲ."

ಇದಕ್ಕಿಂತ ಒಳ್ಳೆಯ ಆಮಂತ್ರಣ ಮನುಷ್ಯಕುಲಕ್ಕೆ ಈವರೆಗೆ ಯಾರೂ ಕೊಟ್ಟಿರಲಿಲ್ಲ. ಕೆಳಗೆ ಒಂದು ನೀಲಿ ಗುಂಡಿ, ಅದರ ಮೇಲೆ 'ಬರ್ತೀನಿ' ಎಂದು ಬರೆದಿತ್ತು. ಜನ ಒತ್ತಿದರು. ಒಬ್ಬರು ಒತ್ತಿದ್ದನ್ನು ನೋಡಿ ಇನ್ನೊಬ್ಬರು ಒತ್ತಿದರು. ವಾರ ಕಳೆಯುವಷ್ಟರಲ್ಲಿ ಲೆಕ್ಕ ನೂರು ದಾಟಿ, ಸಾವಿರ ದಾಟಿ, ನಮ್ಮ ಊರಿನ ಒಟ್ಟು ಕುರ್ಚಿಗಳನ್ನೂ ದಾಟುವಂತೆ ಕಂಡಿತು.

ನಾದಿನಿ ಕುಣಿದಾಡಿದಳು. ಆಯ್ತಪ್ಪ ಬಿಳುಚಿಕೊಂಡ. ಫೋನು ಹಿಡಿದು ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದು, ಒಂದು ಕಡೆ ನಿಂತ.

"ಇದು ಬೆಕ್ಕಲ್ವೇನಮ್ಮಾ?"

"ಅದು ಅವರ ಪ್ರೊಫೈಲ್ ಚಿತ್ರ ಭಾವ."

"ಒಂದು ಸ್ಟೂಲ್ ಸಾಕಾ?"

"ಅಯ್ಯೋ ಭಾವ, ಇವರೆಲ್ಲ ಬರಲ್ಲ. ಸುಮ್ನೆ ಒತ್ತಿರ್ತಾರೆ. ನೂರರಲ್ಲಿ ಒಬ್ಬರು ಬಂದ್ರೆ ಅದೇ ದೊಡ್ಡದು. ಇದು ಹೆಸರು ಹರಡೋಕೆ ಅಷ್ಟೇ."

ಆಯ್ತಪ್ಪನಿಗೆ ನಂಬಲಾಗಲಿಲ್ಲ. "ಬರ್ತೀನಿ ಅಂತ ಹೇಳಿ ಬರದೇ ಇರೋಕೆ ಅವರೇನು ನಮ್ಮ ನೆಂಟರಾ?"

"ಭಾವ, ನಾನು ಹೇಳೋದು..."

"ಇಲ್ಲಮ್ಮ. ಬರ್ತೀನಿ ಅಂದಿದ್ದಾರೆ. ಬಂದು ನಿಂತ್ರೆ? ಮಾವ ನೋಡ್ತಿರುವಾಗ ನಿಂತ್ರೆ?"

ಜೀವನದಲ್ಲಿ ಮೊದಲ ಸಲ ಆಯ್ತಪ್ಪ 'ಆಯ್ತು' ಅನ್ನದೆ ಹೋದದ್ದು ಅವತ್ತು. ಅನ್ನಬೇಕಾದ ಒಂದೇ ಒಂದು ಜಾಗದಲ್ಲಿ ಅನ್ನಲಿಲ್ಲ.

ಮಾರನೆಯ ಬೆಳಿಗ್ಗೆಯಿಂದ ಕುರ್ಚಿ ಬೇಟೆ. ಊರಿನಲ್ಲಿ ಸಣ್ಣಪುಟ್ಟ ಬಾಡಿಗೆ ಅಂಗಡಿಗಳು ಒಂದಷ್ಟಿವೆ. ಆಯ್ತಪ್ಪ ಎಲ್ಲರ ಬಾಗಿಲಿಗೂ ಹೋದ. ಬೇರೆಯವರಿಗೆ ಬೇಕಾದಾಗ ಅವನು ಒಂದು ದಿನವೂ ಇಲ್ಲವೆಂದವನಲ್ಲವಾದ್ದರಿಂದ ಅವರೂ ಇಲ್ಲ ಅನ್ನಲಿಲ್ಲ. 'ನನಗೆ ಭಾನುವಾರ ಬೇಕಾದರೆ ಪಕ್ಕದವನ ಹತ್ತಿರ ತಂದುಕೊಂಡರಾಯಿತು' ಎಂದು ಮೊದಲನೆಯವನು ಎಲ್ಲ ಕೊಟ್ಟ. ಪಕ್ಕದವನು ಅದರ ಪಕ್ಕದವನನ್ನು ನಂಬಿ ಎಲ್ಲ ಕೊಟ್ಟ. ಹೀಗೆ ಒಬ್ಬರನ್ನೊಬ್ಬರು ನಂಬಿ ಊರೆಲ್ಲ ಬರಿದಾಯಿತು. ಹೋಟೆಲಿನವರು ಕೊಟ್ಟರು. ಹಲ್ಲಿನ ಡಾಕ್ಟರು ಕಾಯುವ ಕೋಣೆಯ ಬೆಂಚು ಕೊಟ್ಟರು. ನಾನು ನನ್ನ ಕುರ್ಚಿ ಕೊಟ್ಟು ಕಾಗದದ ಕಟ್ಟಿನ ಮೇಲೆ ಕೂತೆ.

ಆದರೂ ಸಾಲದು. ಕೊನೆಗೆ ಅವನು ನನ್ನನ್ನೂ ಜೊತೆಗೆ ಕರೆದುಕೊಂಡು ಷಡ್ಡಕನ ಅಂಗಡಿಗೇ ಹೋದ.

ಷಡ್ಡಕ ಗಾಜಿನ ಬಾಗಿಲಿನ ಹಿಂದೆ, ಸೂಟು ಹಾಕಿಕೊಂಡು, ತಿರುಗುವ ಕುರ್ಚಿಯಲ್ಲಿ ತಿರುಗುತ್ತಿದ್ದ. ಗೋಡೆಯ ಮೇಲೆ ಅವನ ವೆಬ್‌ಸೈಟ್ ಓಡುತ್ತಿತ್ತು. ಕೆಂಪು ಕುಶನ್ನಿನ ಕುರ್ಚಿಗಳು ಗಿರಗಿರ ಸುತ್ತಿ, ಚಿನ್ನದ ಅಕ್ಷರದಲ್ಲಿ 'ಯಾವ ದಿನ ಬೇಕಾದರೂ ಇದೆ!' ಎಂದು ಬರುತ್ತಿತ್ತು.

"ಅಣ್ಣಾ, ಭಾನುವಾರಕ್ಕೆ ನಿಮ್ಮ ಕುರ್ಚಿ ಬೇಕಿತ್ತು," ಎಂದ ಆಯ್ತಪ್ಪ.

"ಎಷ್ಟು?"

"ಇರೋದಷ್ಟೂ."

ಷಡ್ಡಕ ತಿರುಗುವುದನ್ನು ನಿಲ್ಲಿಸಿದ. ಅವನೂ ಫೋನಿನಲ್ಲಿ ಆ ಲೆಕ್ಕ ನೋಡಿದ್ದ, ನೋಡಿ ನಿದ್ದೆಗೆಟ್ಟಿದ್ದ. ಅಷ್ಟು ಜನ ಆಯ್ತಪ್ಪನ ತುಕ್ಕು ಹಿಡಿದ ಕಬ್ಬಿಣದ ಕುರ್ಚಿಯಲ್ಲಿ ಕೂತು ಹೋಗುವುದೆಂದರೇನು! "ಕೊಡ್ತೀನಿ," ಎಂದ. "ಆದ್ರೆ ಪ್ರತಿ ಕುರ್ಚಿಯ ಬೆನ್ನಿಗೂ ನನ್ನ ಅಂಗಡಿ ಹೆಸರಿನ ಚೀಟಿ ಇರಬೇಕು. ಮುಂದಿನ ಸಾಲೆಲ್ಲ ನನ್ನದೇ."

"ಆಯ್ತಪ್ಪಾ, ಆಯ್ತು."

"ನಿಮಗೆ ಭಾನುವಾರಕ್ಕೆ ಬೇರೆ ಗಿರಾಕಿಗಳಿಲ್ವಾ?" ಎಂದು ನಾನು ಕೇಳಿದೆ.

"ಅದೆಲ್ಲ ವೆಬ್‌ಸೈಟ್ ನೋಡ್ಕೊಳ್ಳುತ್ತೆ," ಎಂದು ಷಡ್ಡಕ ಮತ್ತೆ ತಿರುಗತೊಡಗಿದ. ವೆಬ್‌ಸೈಟ್ ನೋಡಿಕೊಳ್ಳುತ್ತಲೇ ಇತ್ತು. ಯಾರು ಕೇಳಿದರೂ 'ಇದೆ' ಅನ್ನುತ್ತಿತ್ತು. ಅದಕ್ಕೆ ಗೋದಾಮಿನ ಬಾಗಿಲು ತೆರೆದು ನೋಡುವ ಅಭ್ಯಾಸ ಇರಲಿಲ್ಲ.

ಶುಕ್ರವಾರ ಪೊಲೀಸ್ ಇನ್ಸ್‌ಪೆಕ್ಟರು ಬಂದರು. ಜೀಪಿನಿಂದ ಇಳಿದವರೇ, "ಯಾರ್ರೀ ಇಲ್ಲಿ ಜನ ಸೇರಿಸ್ತಿರೋದು?" ಎಂದರು.

"ನಾನೇ ಸಾರ್," ಎಂದ ಆಯ್ತಪ್ಪ.

"ಯಾತಕ್ಕೆ?"

"ಕೂರೋದಕ್ಕೆ ಸಾರ್."

"ಧರಣಿನಾ?"

"ಇಲ್ಲ ಸಾರ್, ಸುಮ್ನೆ."

"ಬೇಡಿಕೆ ಏನು?"

"ಏನೂ ಇಲ್ಲ ಸಾರ್. ಬಂದು ಕೂರ್ತಾರೆ, ಎದ್ದು ಹೋಗ್ತಾರೆ."

ಇನ್ಸ್‌ಪೆಕ್ಟರು ಬರೆದುಕೊಳ್ಳಲು ತೆಗೆದ ಪೆನ್ನನ್ನು ಮತ್ತೆ ಜೇಬಿಗೆ ಸೇರಿಸಿದರು. ಬೇಡಿಕೆ ಇಲ್ಲದ ಸಾವಿರಾರು ಜನ! ಅವರ ಸೇವಾವಧಿಯಲ್ಲಿ ಇಷ್ಟು ಅಪಾಯಕಾರಿ ಗುಂಪು ಬಂದಿರಲಿಲ್ಲ. ಭಾನುವಾರ ಬೀದಿಯ ಎರಡೂ ತುದಿಗೆ ಕಬ್ಬಿಣದ ತಡೆಗೋಡೆ, ಒಳಗೆ ಒಂದು ಸೈಕಲ್ಲೂ ಬಿಡಬಾರದು ಎಂದು ಆಜ್ಞೆ ಮಾಡಿ ಹೋದರು. ಅಗ್ನಿಶಾಮಕದವರು ಬಂದು ನೀರಿನ ನಲ್ಲಿ ಪರೀಕ್ಷೆ ಮಾಡಿದರು. ಎದುರು ಮನೆಯ ಅಜ್ಜಿ ಕಿಟಕಿ ಒರೆಸಿಟ್ಟರು. ನನಗೂ ಕೆಲಸ ಬಂತು. 'ಕೂರಲು ಈ ಕಡೆ!!!' ಎಂಬ ಬಾಣದ ಗುರುತಿನ ಫಲಕಗಳನ್ನು ಗುಲಾಬಿ ಬಣ್ಣದಲ್ಲಿ ಮುದ್ರಿಸಿ ಕೊಟ್ಟೆ. ಇಂಟರ್ನೆಟ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಸುಧಾರಿಸಿತು.

ಭಾನುವಾರ ಬೆಳಿಗ್ಗೆ ಬೀದಿಯನ್ನು ನೋಡಬೇಕಿತ್ತು. ಈ ತುದಿಯಿಂದ ಆ ತುದಿಯವರೆಗೆ ಕುರ್ಚಿ. ಮುಂದೆ ಕೆಂಪು ಕುಶನ್ನಿನವು, ನಡುವೆ ಕಬ್ಬಿಣದವು, ಹಿಂದೆ ಹೋಟೆಲಿನ ಬೆಂಚು, ಕೊನೆಯಲ್ಲಿ ಹಲ್ಲಿನ ಡಾಕ್ಟರದು. ದಾರದಲ್ಲಿ ಎಳೆದಷ್ಟು ನೇರ. ಮಾವನವರು ಬಂದು ಮುಂದಿನ ಸಾಲಿನ ನಡುವೆ ಕೂತರು. ಅವರ ಎಡಕ್ಕೆ ಷಡ್ಡಕ ಬಂದು, ಕಾಲ ಮೇಲೆ ಕಾಲು ಹಾಕಿ ಕೂತ. ಹೇಳಿದ ಹೊತ್ತಾಯಿತು. ಹೊತ್ತು ಮೀರಿತು.

ಒಬ್ಬರು ಬಂದರು. ಮುದುಕರು. ಕೂತರು. ಆಯ್ತಪ್ಪ ಓಡಿಹೋಗಿ, "ಬನ್ನಿ ಸಾರ್, ಆರಾಮಾಗಿದೆಯಾ?" ಎಂದು ಕೇಳಿದ.

"ಬಸ್ಸು ಎಷ್ಟೊತ್ತಿಗೆ?" ಎಂದರು ಅವರು.

ಆಮೇಲೆ ಒಬ್ಬಾಕೆ ಬುಟ್ಟಿಯಲ್ಲಿ ಬೆಕ್ಕು ಇಟ್ಟುಕೊಂಡು ಬಂದಳು. 'ಬರ್ತೀನಿ' ಒತ್ತಿ ನಿಜವಾಗಿ ಬಂದವಳು ಅವಳೊಬ್ಬಳೇ. ಬೆಕ್ಕಿಗೆ ಸ್ಟೂಲು ಸಿಕ್ಕಿತು. ಅಲ್ಲಿಗೆ ಮುಗಿಯಿತು. ಸಾವಿರ ಕುರ್ಚಿಗಳ ಮೇಲೆ ಬಿಸಿಲು ಬಂದು ಕೂತಿತು.

ನನಗೆ ಅವನ ಮುಖ ನೋಡಲಾಗಲಿಲ್ಲ. ಎಷ್ಟೇ ಆದರೂ ಪಕ್ಕದ ಅಂಗಡಿಯವನು. ಯಾರಿಗೂ ಕೆಟ್ಟದ್ದು ಬಯಸದ ಒಬ್ಬ ಮನುಷ್ಯ ಅಷ್ಟು ಕುರ್ಚಿಗಳ ನಡುವೆ ಒಬ್ಬನೇ ನಿಂತಿದ್ದ. ಹೆಂಡತಿ ಬಾಗಿಲ ಹಿಂದೆ ಸೆರಗು ಕಚ್ಚಿ ನಿಂತಿದ್ದಳು. ನಾದಿನಿ ಮಾತ್ರ ಫೋನು ಎತ್ತಿ ಹಿಡಿದು, ಬೀದಿಯನ್ನು ನೇರ ಪ್ರಸಾರ ಮಾಡುತ್ತ ಓಡಾಡುತ್ತಿದ್ದಳು. "ಭಾವ, ಸಾವಿರಾರು ಜನ ನೋಡ್ತಿದ್ದಾರೆ! 'ಮನಸ್ಸಿನಿಂದ ಅಲ್ಲೇ ಇದ್ದೀವಿ' ಅಂತ ಬರೀತಿದ್ದಾರೆ!"

"ಮನಸ್ಸಿಗೆ ಕುರ್ಚಿ ಬೇಡವಲ್ಲಮ್ಮ," ಎಂದ ಆಯ್ತಪ್ಪ, ಮೆಲ್ಲಗೆ.

ಷಡ್ಡಕ ಮಾವನವರ ಕಡೆ ವಾಲಿ, "ಲಾರಿ ಇವತ್ತೇ ಕಳಿಸ್ಲಾ ಮಾವ? ನಾಳೆಯಿಂದ ಇವರಿಗೆ ಕುಶನ್ ಒಗೆಯೋ ವಿಭಾಗ ಕೊಡ್ತೀನಿ," ಎಂದ.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಕೂಗಾಟ ಕೇಳಿಸಿತು.

ತಡೆಗೋಡೆಯ ಆಚೆ ಒಂದು ಮದುವೆ ನಿಂತಿತ್ತು. ಪೂರ್ತಿ ಮದುವೆ. ಮದುಮಗಳು, ಮದುಮಗ, ಹೂಗುಚ್ಛ, ಬೆವರುತ್ತಿದ್ದ ನೆಂಟರು, ಎಲ್ಲರಿಗಿಂತ ಮುಂದೆ ಕೆಂಡವಾಗಿದ್ದ ಮದುಮಗಳ ತಂದೆ. ಅವರು ಷಡ್ಡಕನ ವೆಬ್‌ಸೈಟಿನಲ್ಲಿ ಕುರ್ಚಿ ಗೊತ್ತುಮಾಡಿದ್ದರು. ಬೆಳಿಗ್ಗೆ ಸಭಾಂಗಣಕ್ಕೆ ಹೋದರೆ ನೆಲ ಬಿಟ್ಟು ಬೇರೇನೂ ಇಲ್ಲ. ಫೋನಿಗೆ ಮಾತ್ರ 'ನಿಮ್ಮ ಕುರ್ಚಿಗಳು ತಲುಪಿವೆ! ಸೇವೆ ಹೇಗಿತ್ತು? ನಕ್ಷತ್ರ ಕೊಡಿ' ಎಂಬ ಸಂದೇಶ ಬಂದಿತ್ತು. ಬೇರೆ ಅಂಗಡಿಗಳಿಗೆ ಓಡಿದರೆ ಎಲ್ಲೂ ಒಂದು ಸ್ಟೂಲೂ ಇಲ್ಲ. ಕೊನೆಗೆ ಬೇಸರಕ್ಕೆ ಫೋನು ನೋಡುತ್ತಿದ್ದ ಮದುಮಗಳೇ ನಾದಿನಿಯ ನೇರ ಪ್ರಸಾರ ಕಂಡು, "ಅಪ್ಪಾ, ನಮ್ಮ ಕುರ್ಚಿ ಇಲ್ಲಿವೆ!" ಎಂದು ಚೀರಿದ್ದಳು.

"ಲಾರಿ ಒಳಗೆ ಬಿಡಿ, ಕುರ್ಚಿ ತುಂಬ್ಕೊಂಡು ಹೋಗ್ತೀವಿ," ಎಂದರು ತಂದೆ.

"ವಾಹನಕ್ಕೆ ಪ್ರವೇಶ ಇಲ್ಲ," ಎಂದರು ಇನ್ಸ್‌ಪೆಕ್ಟರು.

"ಜನಕ್ಕೆ?"

"ಜನಕ್ಕೋಸ್ಕರವೇ ಇಷ್ಟೆಲ್ಲ ಮಾಡಿರೋದು!"

"ಹಾಗಾದ್ರೆ ಮದುವೆ ಇಲ್ಲೇ ಆಗ್ಲಿ," ಎಂದಳು ಮದುಮಗಳು. "ನನ್ನ ಕಾಲು ನೋಯ್ತಿದೆ." ಹೇಳಿದವಳೇ ತಡೆಗೋಡೆಯ ಕೆಳಗೆ ನುಸುಳಿ ಬಂದು ಕೆಂಪು ಕುರ್ಚಿಯಲ್ಲಿ ಕೂತಳು. ಹಿಂದೆಯೇ ನೆಂಟರೆಲ್ಲ ನುಗ್ಗಿದರು.

ಅವರು ಕೂರುವಷ್ಟರಲ್ಲಿ ಇನ್ನೊಂದು ತುದಿಯಿಂದ ಶಾಲೆಯ ಮುಖ್ಯೋಪಾಧ್ಯಾಯಿನಿ, ಚಿಟ್ಟೆಯ ವೇಷ ಹಾಕಿದ ಮಕ್ಕಳು, ಅವರ ಅಪ್ಪ ಅಮ್ಮಂದಿರು. ಅವರ ವಾರ್ಷಿಕೋತ್ಸವಕ್ಕೂ ವೆಬ್‌ಸೈಟ್ 'ಇದೆ' ಅಂದಿತ್ತು. ಅವರ ಬೆನ್ನಿಗೇ ಯಾವುದೋ ಕಚೇರಿಯ ನೌಕರರೆಲ್ಲ, ನಿವೃತ್ತರಾಗುವ ಹಿರಿಯರೊಬ್ಬರನ್ನು ಕೈಹಿಡಿದು ನಡೆಸಿಕೊಂಡು, ಮೈಕು ಹೊತ್ತು ಬಂದರು. ಅದರ ಹಿಂದೆ ಹಲ್ಲಿನ ಡಾಕ್ಟರ ರೋಗಿಗಳು, ಕೆನ್ನೆ ಹಿಡಿದುಕೊಂಡು. ಕುರ್ಚಿ ಎಲ್ಲಿದೆಯೋ ಜನ ಅಲ್ಲಿಗೆ ಬರಲೇಬೇಕಿತ್ತು. ಊರಿನ ಕುರ್ಚಿಗಳೆಲ್ಲ ನಮ್ಮ ಬೀದಿಯಲ್ಲಿದ್ದವು.

ಆಯ್ತಪ್ಪನಿಗೆ ಜೀವ ಬಂತು. ಈ ತುದಿಯಿಂದ ಆ ತುದಿಗೆ ಓಡಿದ. "ಬನ್ನಿ ಅಜ್ಜಿ, ಈ ಕಡೆ ನೆರಳಿದೆ. ಚಿಟ್ಟೆಗಳೆಲ್ಲ ಮುಂದೆ ಬನ್ನಿ. ಹಲ್ಲು ನೋವಿನವರು ಮೈಕಿನಿಂದ ದೂರ ಕೂತ್ಕೊಳ್ಳಿ." ತನಗೇನೋ ಎಲ್ಲ ಮೊದಲೇ ಗೊತ್ತಿತ್ತು ಎಂಬಂತೆ ಒಬ್ಬೊಬ್ಬರನ್ನೂ ಕೂರಿಸಿದ.

ಮುಂದಿನದನ್ನು ಕ್ರಮವಾಗಿ ಹೇಳುವುದು ನನ್ನಿಂದಾಗದು, ಏಕೆಂದರೆ ಕ್ರಮ ಇರಲಿಲ್ಲ. ಚಿಟ್ಟೆಗಳು ಮದುಮಕ್ಕಳ ಸುತ್ತ ಕುಣಿದವು. ನಿವೃತ್ತರಾದವರು 'ಈ ಮೂವತ್ತೈದು ವರ್ಷದ ಬಂಧನದಿಂದ ಇಂದು ಬಿಡುಗಡೆ' ಎಂದು ಕಣ್ಣೀರು ಹಾಕುವಾಗ ಮದುಮಗ ಏಕೋ ಗಾಬರಿಯಾಗಿ ಹೆಂಡತಿಯ ಕಡೆ ನೋಡಿದ. ಹೂಗುಚ್ಛ ನಿವೃತ್ತರಿಗೆ ಹೋಯಿತು, ಗೋಡೆ ಗಡಿಯಾರ ಮದುಮಗಳಿಗೆ ಬಂತು. 'ಉತ್ತಮ ನಡತೆ' ಬಹುಮಾನ ಇನ್ಸ್‌ಪೆಕ್ಟರಿಗೆ ಸಿಕ್ಕಿತು, ಅವರು ನಿಜಕ್ಕೂ ನಾಚಿಕೊಂಡರು. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಎಂದು ಗಾದೆ ಇದೆ. ನಾನು ಮದುವೆಯವರ ಕಡೆಯಿಂದ ಒಮ್ಮೆ, ಕಚೇರಿಯವರ ಕಡೆಯಿಂದ ಒಮ್ಮೆ ಉಂಡು, ಶಾಲೆಯವರ ಕಡೆಯಿಂದ ಮಿಠಾಯಿ ತಿಂದೆ.

ಷಡ್ಡಕನ ಕುರ್ಚಿಯನ್ನು ಮದುಮಗಳ ತಂದೆ ಕಿತ್ತುಕೊಂಡು ತಾವೇ ಕೂತಿದ್ದರು. ಸುತ್ತ ಗಿರಾಕಿಗಳು, ನಡುವೆ ಅವನು.

"ನಿಮ್ಮ ವೆಬ್‌ಸೈಟಲ್ಲಿ 'ಇದೆ' ಅಂತಿತ್ತಲ್ರೀ!" ಎಂದರು ಮುಖ್ಯೋಪಾಧ್ಯಾಯಿನಿ.

"ಅದು ತಾನಾಗಿಯೇ ಹೇಳುತ್ತೆ ಮೇಡಂ."

"ಹಾಗಾದ್ರೆ ನಮ್ಮ ಮಕ್ಕಳನ್ನ ವೆಬ್‌ಸೈಟ್ ಮೇಲೆ ಕೂರಿಸಿ!"

ಎಲ್ಲರೂ ಕೂತಾದ ಮೇಲೆ ಆಯ್ತಪ್ಪ ಬೀದಿಯನ್ನು ಒಮ್ಮೆ ತುದಿಯಿಂದ ತುದಿಗೆ ನೋಡಿದ. ಮೂಲೆಯಲ್ಲಿ ಉಳಿದಿದ್ದ ಒಂದು ಕಬ್ಬಿಣದ ಕುರ್ಚಿಯಲ್ಲಿ ಕೂತು ಬೆನ್ನು ಒರಗಿಸಿದ. ಎಷ್ಟೋ ದಿನದಿಂದ ನಿದ್ದೆ ಕಾಣದ ಮನುಷ್ಯ. ಮರುಕ್ಷಣವೇ ಬಾಯಿ ತೆರೆದು, ಕೈಕಾಲು ಚೆಲ್ಲಿ, ಗೊರಕೆ ಹೊಡೆಯತೊಡಗಿದ. ನಾದಿನಿ ಅದರ ಚಿತ್ರ ತೆಗೆದು, ಒಂದು ಮಾತೂ ಬರೆಯದೆ ಹಾಕಿದಳು. ಮಧ್ಯಾಹ್ನದೊಳಗೆ ಅವಳ ಬಿಳಿ ವೆಬ್‌ಸೈಟಿಗೆ ಬಂದ ಬೇಡಿಕೆಗಳಷ್ಟು ನಾನು ಆಯುಷ್ಯದಲ್ಲಿ ಹಂಚಿದ ಕರಪತ್ರಗಳೆಲ್ಲ ಸೇರಿಯೂ ತಂದಿರಲಾರವು. ಇದನ್ನು ಬರೆಯಲು ನನಗೆ ಸಂತೋಷವೇನೂ ಇಲ್ಲ.

ಆಗ ಮಾವನವರು ಎದ್ದು ಕಚೇರಿಯವರ ಮೈಕು ಇಸಿದುಕೊಂಡರು.

"ನನಗೆ ಇಬ್ಬರು ಅಳಿಯಂದಿರು," ಎಂದರು. "ಒಬ್ಬರು ಇಲ್ಲದ ಕುರ್ಚಿನ ಇದೆ ಅಂದ್ರು. ಇನ್ನೊಬ್ಬರು ಬರದ ಜನಕ್ಕೂ ಕುರ್ಚಿ ಹಾಕಿದ್ರು. ಇಬ್ಬರಿಗೂ ಬುದ್ಧಿ ಇಲ್ಲ. ಆದ್ರೆ ಎರಡನೆಯವರ ದಡ್ಡತನದಿಂದ ಇವತ್ತು ಒಂದು ಮಗುವೂ ನಿಂತಿಲ್ಲ. ಎರಡೂ ಅಂಗಡಿ ಇನ್ನು ಮೇಲೆ ಅವರೇ ನೋಡ್ಕೊಳ್ಳಲಿ. ದೊಡ್ಡವರು ಅವರ ಕೈಕೆಳಗೆ ಕೆಲಸ ಕಲೀಲಿ."

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಚಿಟ್ಟೆಗಳು ಶಿಳ್ಳೆ ಹಾಕಿದವು. ಆಯ್ತಪ್ಪನ ಹೆಂಡತಿ ಬಾಗಿಲ ಹಿಂದೆ ಅತ್ತೇಬಿಟ್ಟಳು. ಇಡೀ ಊರು ಕೇಳಿದ ಆ ಮಾತನ್ನು ಕೇಳದವನು ಒಬ್ಬನೇ. ಅವನ ಗೊರಕೆ ಒಂದು ಶ್ರುತಿಯೂ ಇಳಿಯಲಿಲ್ಲ.

ಅವನಿಗೆ ಎಚ್ಚರವಾದಾಗ ಸಂಜೆಯಾಗಿತ್ತು. ಜನ ಹೋಗಿದ್ದರು, ಕುರ್ಚಿಗಳನ್ನು ಮಡಚುವ ಸದ್ದು ಕೇಳುತ್ತಿತ್ತು. ಧಡಕ್ಕನೆ ಎದ್ದು ಕೂತ. ಎದುರಿಗೆ ಹೆಂಡತಿ.

"ಮಾವ ಎಲ್ಲಿ?"

"ಹೊರಟ್ರು."

"ನಾನು ಮಲಗಿದ್ದನ್ನ ನೋಡಿದ್ರಾ?"

"ಊರೇ ನೋಡ್ತು."

ಆಯ್ತಪ್ಪ ತಲೆ ತಗ್ಗಿಸಿದ. "ಆಗಲಿ ಬಿಡು. ನಾಳೆ ಅಣ್ಣನ ಅಂಗಡಿಗೆ ಎಷ್ಟು ಹೊತ್ತಿಗೆ ಹೋಗ್ಬೇಕಂತೆ?"

"ನೀವ್ಯಾಕೆ ಹೋಗ್ತೀರಿ? ಭಾವನೇ ಇಲ್ಲಿಗೆ ಕೆಲಸಕ್ಕೆ ಬರ್ತಾರೆ. ಏನು ಕೆಲಸ ಕೊಡ್ತೀರಿ ಅಂತ ಅಕ್ಕ ಕೇಳ್ತಿದ್ಲು," ಎಂದಳು ಹೆಂಡತಿ. ಆಕೆ ನಿಂತಿದ್ದು ಅಂಗಡಿಯ ಮೇಲಿನ ಮೆಟ್ಟಿಲಿನಲ್ಲಿ.

ಅವನಿಗೆ ಅರ್ಥವಾಗಲು ಬಹಳ ಹೊತ್ತು ಹಿಡಿಯಿತು. ಹೆಂಡತಿ ಒಮ್ಮೆ ಹೇಳಿದಳು, ನಾದಿನಿ ಒಮ್ಮೆ ಹೇಳಿದಳು, ನಾನು ಒಮ್ಮೆ ಹೇಳಿದೆ. ಆಮೇಲೆ ಎದ್ದು ಬೀದಿಯತ್ತ ನಡೆದ. ಅಲ್ಲಿ ಷಡ್ಡಕ ಸೂಟಿನ ತೋಳು ಮಡಚಿಕೊಂಡು ಒಂದು ಕಬ್ಬಿಣದ ಕುರ್ಚಿಯ ಜೊತೆ ಗುದ್ದಾಡುತ್ತಿದ್ದ. ಯಜಮಾನ ಬರುವುದನ್ನು ಕಂಡು ನೆಟ್ಟಗೆ ನಿಂತ. ಈಗ ಬಯ್ಗುಳ ಬರುತ್ತದೆ, ಕೇಳೋಣ ಎಂದು ನಾನೂ ಹತ್ತಿರ ಸರಿದೆ.

ಆಯ್ತಪ್ಪ ಅವನ ಕೈಯಿಂದ ಕುರ್ಚಿ ತೆಗೆದುಕೊಂಡ. ಬಿಡಿಸಿ ನೆಲದ ಮೇಲಿಟ್ಟು, ನಾಲ್ಕೂ ಕಾಲು ಊರಿವೆಯೇ ಎಂದು ಒತ್ತಿ ನೋಡಿದ.

"ಮೊದ್ಲು ಸ್ವಲ್ಪ ಕೂತ್ಕೊಳ್ಳಿ ಅಣ್ಣಾ," ಎಂದ. "ನೀವೊಬ್ರೇ ಆಗಿನಿಂದ ನಿಂತಿರೋದು."

ಷಡ್ಡಕ ಅವನ ಮುಖ ನೋಡಿದ, ಕುರ್ಚಿ ನೋಡಿದ, ಆಮೇಲೆ ಕೂತ.